ಹಳೆಯ 486ಕ್ಕೆ ಹೊಸ ಡಿಸ್ಕ್: ಸಿಲಿಂಡರ್, ಹೆಡ್, ಸೆಕ್ಟರ್ ಲೆಕ್ಕದಲ್ಲಿ ಕಳೆದ ಆರು ದಿನ

ಹಳೆಯ 486 ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಬದಲಾಯಿಸುವುದು ಒಂದು ಸಂಜೆಯ ಕೆಲಸ ಅಂದುಕೊಂಡಿದ್ದೆ. ಆರು ದಿನ ಹಿಡಿಯಿತು. ಅದರಲ್ಲಿ ನಾಲ್ಕು ದಿನ ನನ್ನ ತಪ್ಪಿಗೇ ಹೋದವು. ಮತ್ತೆ ಇದೇ ಕೆಲಸ ಬಂದರೆ ನನಗೇ ಬೇಕಾಗುತ್ತದೆ ಅಂತ ಬರೆದಿಡುತ್ತಿದ್ದೇನೆ.

ಯಂತ್ರ: 486 ಡಿಎಕ್ಸ್2, 66 ಮೆಗಾಹರ್ಟ್ಸ್, 8 ಎಂಬಿ ರ್‍ಯಾಮ್, ಹಳೆಯ ಆಪರೇಟಿಂಗ್ ಸಿಸ್ಟಮ್ ಎಂಎಸ್-ಡಾಸ್ 6.22. ಇದನ್ನು ಇನ್ನೂ ಇಟ್ಟುಕೊಂಡಿರುವುದು ಒಂದೇ ಕಾರಣಕ್ಕೆ. ಒಳಗೆ ಐಎಸ್‌ಎ ಸ್ಲಾಟಿನಲ್ಲಿ ಕೂರುವ ಇಪ್ರಾಮ್ (ಅಳಿಸಿ ಮತ್ತೆ ಬರೆಯಬಹುದಾದ ಮೆಮೊರಿ ಚಿಪ್) ಪ್ರೋಗ್ರಾಮರ್ ಕಾರ್ಡ್ ಇದೆ. ಅದರ ಸಾಫ್ಟ್‌ವೇರ್ ಡಾಸ್ ಬಿಟ್ಟು ಬೇರೆಲ್ಲೂ ಓಡುವುದಿಲ್ಲ.

ಬಳಸಿದ್ದು: ಡಾಸ್ ಬೂಟ್ ಫ್ಲಾಪಿ, 4 ಜಿಬಿ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್, ಅದನ್ನು ಐಡಿಇ (ಹಳೆಯ ಹಾರ್ಡ್ ಡಿಸ್ಕ್ ಜೋಡಿಸುವ) ಕೇಬಲ್‌ಗೆ ಸೇರಿಸುವ ಅಡಾಪ್ಟರ್, ಯುಎಸ್‌ಬಿ ಕಾರ್ಡ್ ರೀಡರ್, ಒಂದು ಲಿನಕ್ಸ್ ಕಂಪ್ಯೂಟರ್, ಎರಡು 27ಸಿ64 ಇಪ್ರಾಮ್ ಚಿಪ್, ಬೂಟ್ ರಾಮ್ (ROM, ಆನ್ ಆದಾಗ ಓಡುವ ಪ್ರೋಗ್ರಾಮ್ ಇರುವ ಚಿಪ್) ಸಾಕೆಟ್ ಇರುವ ಹಳೆಯ ನೆಟ್‌ವರ್ಕ್ ಕಾರ್ಡ್. ಆಮೇಲೆ ಕಾಗದ, ಪೆನ್ಸಿಲ್. ಕೊನೆಯ ಎರಡೇ ಜಾಸ್ತಿ ಕೆಲಸಕ್ಕೆ ಬಂದವು.

ದಿನ 1: ನೆನಪು ಕಳೆದುಕೊಂಡ ಬಯಾಸ್

ಸ್ವಿಚ್ ಹಾಕಿದೆ. ಮೆಮೊರಿ ಎಣಿಸಿತು, ಹಾರ್ಡ್ ಡಿಸ್ಕ್ ಇಲ್ಲ ಅಂದಿತು. ಮದರ್‌ಬೋರ್ಡಿನ ಮೇಲಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿ ಸುತ್ತಲೂ ಹಸಿರು ಕಟ್ಟಿತ್ತು. ಅದನ್ನು ಕತ್ತರಿಸಿ ತೆಗೆದೆ, ವಿನೆಗರ್‌ನಲ್ಲಿ ಒರೆಸಿದೆ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೊಳೆದೆ. ಪಕ್ಕದಲ್ಲಿದ್ದ ನಾಲ್ಕು ಪಿನ್ನಿನ ಹೊರ ಬ್ಯಾಟರಿ ಕನೆಕ್ಟರ್‌ಗೆ ಮೂರು ಪೆನ್‌ಸೆಲ್ ಇರುವ ಹೋಲ್ಡರ್ ಹಾಕಿದೆ. ಮೂಲ ಬ್ಯಾಟರಿ ಇದ್ದ ಜಾಗಕ್ಕೇ ಮಾಮೂಲಿ ಸೆಲ್ ಬೆಸುಗೆ ಹಾಕಬಾರದು. ಬೋರ್ಡ್ ಅದನ್ನು ಚಾರ್ಜ್ ಮಾಡಲು ನೋಡುತ್ತದೆ.

ಬ್ಯಾಟರಿ ಸತ್ತಾಗ ಬಯಾಸ್ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ, ಮದರ್‌ಬೋರ್ಡಿನಲ್ಲೇ ಇರುವ ಪ್ರೋಗ್ರಾಮ್) ಡಿಸ್ಕಿನ ವಿವರವನ್ನೂ ಮರೆತಿತ್ತು. ಈ ಬಯಾಸ್‌ಗೆ ತಾನಾಗಿ ಪತ್ತೆ ಹಚ್ಚುವ ಸೌಲಭ್ಯ ಇಲ್ಲ. ಡಿಸ್ಕಿನ ಲೆಕ್ಕ ಹೀಗೆ: ಹೆಡ್ ಅಂದರೆ ತಟ್ಟೆಯ ಒಂದೊಂದು ಬದಿಯನ್ನು ಓದುವ ಭಾಗ, ಟ್ರ್ಯಾಕ್ ಅಂದರೆ ಆ ಬದಿಯ ಮೇಲಿನ ಒಂದು ವರ್ತುಲ, ಸಿಲಿಂಡರ್ ಅಂದರೆ ಎಲ್ಲ ಬದಿಗಳಲ್ಲೂ ಒಂದೇ ದೂರದಲ್ಲಿರುವ ಟ್ರ್ಯಾಕುಗಳು, ಸೆಕ್ಟರ್ ಅಂದರೆ ಟ್ರ್ಯಾಕಿನ 512 ಬೈಟಿನ ಒಂದು ತುಂಡು. ಬಯಾಸ್‌ನಲ್ಲಿ ಒಂದು ಪಟ್ಟಿ ಇದೆ: ಟೈಪ್ 1 ಅಂದರೆ 306 ಸಿಲಿಂಡರ್, 4 ಹೆಡ್, 17 ಸೆಕ್ಟರ್, ಅಂದರೆ 10 ಎಂಬಿ. ಟೈಪ್ 2 ಅಂದರೆ 615, 4, 17. ಹೀಗೇ ಸಾಗಿ ಕೊನೆಗೆ ಟೈಪ್ 47. ಅಲ್ಲಿ ನಾವೇ ಅಂಕಿ ತುಂಬಬೇಕು. ತುಂಬೋಣ ಅಂದರೆ ಡಿಸ್ಕಿನ ಮೇಲಿನ ಲೇಬಲ್ ಅರ್ಧ ಹರಿದುಹೋಗಿತ್ತು. ಉಳಿದ ಅರ್ಧದಲ್ಲಿ ಬಾರ್‌ಕೋಡ್ ಮಾತ್ರ.

ಮೊದಲ ತಪ್ಪು ಇಲ್ಲೇ. ಯಾವುದೋ ಒಂದು ಟೈಪ್ ಕೊಟ್ಟರೆ ಹೇಗೋ ಏಳುತ್ತದೆ ಅಂತ ಸುಮ್ನೆ ಟೈಪ್ 2 ಕೊಟ್ಟೆ. ಪರದೆ ಮೇಲೆ ಬಂದಿದ್ದು: "ಮಿಸ್ಸಿಂಗ್ ಆಪರೇಟಿಂಗ್ ಸಿಸ್ಟಮ್." ಡಿಸ್ಕ್ ಖಾಲಿಯಾಗಿದೆ ಅಂತಲೇ ಅನಿಸಿತು. ಫ್ಲಾಪಿಯಿಂದ ಎಫ್‌ಡಿಸ್ಕ್ (ಡಿಸ್ಕನ್ನು ಪಾರ್ಟಿಶನ್, ಅಂದರೆ ಭಾಗ, ಮಾಡುವ ಪ್ರೋಗ್ರಾಮ್) ತೆರೆದೆ, ಪಾರ್ಟಿಶನ್ ಅಳಿಸಿ ಹೊಸದಾಗಿ ಮಾಡೋಣ ಅಂತ ಮೆನುವಿನ 3ನೇ ಆಯ್ಕೆಯವರೆಗೂ ಹೋದೆ. ಅಷ್ಟರಲ್ಲಿ ಒಂದು ಮಾತು ಹೊಳೆಯಿತು. ಆ ಸಂದೇಶ ಬರೆದಿರುವುದೇ ಡಿಸ್ಕಿನ ಮೊದಲ ಸೆಕ್ಟರಿನಲ್ಲಿ. ಅದು ಪರದೆಗೆ ಬಂದಿದೆ ಅಂದರೆ ಡಿಸ್ಕ್ ಓದುತ್ತಿದೆ, ಖಾಲಿಯೂ ಅಲ್ಲ. ಎಸ್ಕೇಪ್ ಒತ್ತಿ ಕಂಪ್ಯೂಟರ್ ಆರಿಸಿ ಮಲಗಿದೆ. ಆ ದಿನ ನಾನು ಮಾಡಿದ ಒಳ್ಳೆಯ ಕೆಲಸ ಅಂದರೆ ಅದೊಂದೇ.

ದಿನ 2: ಡಿಸ್ಕನ್ನೇ ಬಾಯಿ ಬಿಡಿಸಿದ್ದು

ಮೊದಲ ಸೆಕ್ಟರ್, ಅಂದರೆ ಸಿಲಿಂಡರ್ 0, ಹೆಡ್ 0, ಸೆಕ್ಟರ್ 1, ಯಾವ ಲೆಕ್ಕ ಕೊಟ್ಟರೂ ಅಲ್ಲೇ ಇರುತ್ತದೆ. ಎಡವಟ್ಟಾಗುವುದು ಅದರ ನಂತರ. ಪಾರ್ಟಿಶನ್ ಶುರುವಾಗುವುದು 0/1/1ರಲ್ಲಿ, ಅಂದರೆ ಎರಡನೇ ಟ್ರ್ಯಾಕಿನ ಮೊದಲ ಸೆಕ್ಟರ್. ಟ್ರ್ಯಾಕಿಗೆ 17 ಸೆಕ್ಟರ್ ಅಂತ ನಾನು ಹೇಳಿದ್ದರಿಂದ ಬಯಾಸ್ 17ನೇ ಸೆಕ್ಟರಿಗೆ ಹೋಗಿ ಹುಡುಕಿತು. (ಸೊನ್ನೆಯಿಂದ ಎಣಿಸಿದರೆ.) ಬೂಟ್ ಸೆಕ್ಟರ್ (ಪಾರ್ಟಿಶನ್ನಿನ ಮೊದಲ ಸೆಕ್ಟರ್, ಡಾಸ್ ಎಬ್ಬಿಸುವ ಕೋಡ್ ಇರುವುದು ಇಲ್ಲಿ) ಇದ್ದದ್ದು ಬೇರೆಲ್ಲೋ.

ಹಾಗಾದರೆ ಮೊದಲ ಸೆಕ್ಟರನ್ನೇ ಓದಿ ನೋಡಬಹುದಲ್ವಾ? ಫ್ಲಾಪಿಯಲ್ಲಿದ್ದ ಡೀಬಗ್ ಪ್ರೋಗ್ರಾಮಿನಲ್ಲಿ ಆರು ಸಾಲು ಬರೆದು ಆ 512 ಬೈಟ್‌ಗಳನ್ನು ಮೆಮೊರಿಗೆ ತಂದೆ. 446ನೇ ಬೈಟಿನಿಂದ ಪಾರ್ಟಿಶನ್ ಟೇಬಲ್ ಶುರು. ಒಂದೊಂದು ಪಾರ್ಟಿಶನ್‌ಗೆ 16 ಬೈಟ್. ಹೆಕ್ಸ್‌ನಿಂದ ಬಿಡಿಸಿ ಬರೆದುಕೊಂಡ ಮೊದಲ ಎಂಟು ಇವು:

128, 1, 1, 0, 6, 15, 255, 56

128 ಅಂದರೆ ಬೂಟ್ ಆಗುವ ಪಾರ್ಟಿಶನ್. ನಂತರದ ಮೂರು ಶುರುವಿನ ಜಾಗ: ಹೆಡ್ 1, ಸೆಕ್ಟರ್ 1, ಸಿಲಿಂಡರ್ 0. ಆಮೇಲಿನ 6 ಅಂದರೆ ಫ್ಯಾಟ್16, ಡಾಸ್ ಡಿಸ್ಕಿನಲ್ಲಿ ಫೈಲುಗಳನ್ನು ಇಡುವ ವಿಧಾನ. ಕೊನೆಯ ಮೂರು ಪಾರ್ಟಿಶನ್ ಮುಗಿಯುವ ಜಾಗ. ಹೆಡ್ 15. 255ರಲ್ಲಿ ಕೆಳಗಿನ ಆರು ಬಿಟ್ ಸೆಕ್ಟರ್, ಅಂದರೆ 63. ಮೇಲಿನ ಎರಡು ಬಿಟ್ ಸಿಲಿಂಡರಿಗೆ ಸೇರಿದವು: 768ಕ್ಕೆ 56 ಸೇರಿಸಿದರೆ 824.

ಗುಟ್ಟು ಇಲ್ಲಿದೆ. ಡಾಸ್‌ನ ಎಫ್‌ಡಿಸ್ಕ್ ಪಾರ್ಟಿಶನ್ನನ್ನು ಯಾವಾಗಲೂ ಸಿಲಿಂಡರಿನ ಅಂಚಿಗೇ ಮುಗಿಸುತ್ತದೆ. ಹಾಗಾಗಿ ಕೊನೆಯ ಹೆಡ್ 15 ಅಂದರೆ ಒಟ್ಟು 16 ಹೆಡ್, ಯಾಕೆಂದರೆ ಹೆಡ್ ಎಣಿಕೆ ಸೊನ್ನೆಯಿಂದ. ಕೊನೆಯ ಸೆಕ್ಟರ್ 63 ಅಂದರೆ ಟ್ರ್ಯಾಕಿಗೆ 63, ಯಾಕೆಂದರೆ ಸೆಕ್ಟರ್ ಎಣಿಕೆ ಒಂದರಿಂದ. ಒಂದೇ ವಿಳಾಸದಲ್ಲಿ ಎರಡು ಥರದ ಎಣಿಕೆ ಯಾಕೆ ಇಟ್ಟರೋ, ಪುಣ್ಯಾತ್ಮರು.

ತಾಳೆ ನೋಡಲು ಉಳಿದ ಎಂಟು ಬೈಟ್ ಇದ್ದವು. ಶುರುವಿನ ಸೆಕ್ಟರ್ 63. ಉದ್ದ: 49, 176, 12, 0. ಮೊದಲ ಬೈಟಿಗೆ ಒಂದರ ಸ್ಥಾನ, ಮುಂದಿನವಕ್ಕೆ 256, 65536ರ ಸ್ಥಾನ ಅಂತ ಹಿಡಿದು ಕೂಡಿದರೆ 831537. ಅದಕ್ಕೆ 63 ಸೇರಿಸಿದರೆ 831600. 16ನ್ನು 63ರಿಂದ ಗುಣಿಸಿದರೆ 1008. 831600 ಭಾಗಿಸು 1008, ಸರಿಯಾಗಿ 825, ಶೇಷ ಸೊನ್ನೆ. ಆ ಸೊನ್ನೆ ನೋಡಿ ಬಂದ ಖುಷಿ ಹೇಳತೀರದು.

ಟೈಪ್ 47ರಲ್ಲಿ 825, 16, 63 ತುಂಬಿದೆ. ಬರೆಯುವ ಪ್ರೀಕಾಂಪ್, ಹೆಡ್ ನಿಲ್ಲಿಸುವ ಜಾಗ ಅಂತ ಇನ್ನೆರಡು ಖಾನೆ ಇವೆ. ಐಡಿಇ ಡಿಸ್ಕಿಗೆ ಅವು ಲೆಕ್ಕಕ್ಕಿಲ್ಲ, ಸೊನ್ನೆ ಬಿಟ್ಟೆ. ಬೂಟ್ ಆಯ್ತು. ಡಾಸ್ ಬಂದ ಮೇಲೆ ಡಿಸ್ಕನ್ನೇ ನೇರವಾಗಿ ಕೇಳುವ ಒಂದು ಚಿಕ್ಕ ಪ್ರೋಗ್ರಾಮ್ ಓಡಿಸಿದೆ. 826, 16, 63 ಅಂದಿತು. ಕೊನೆಯ ಒಂದು ಸಿಲಿಂಡರನ್ನು ಎಫ್‌ಡಿಸ್ಕ್ ಖಾಲಿ ಬಿಟ್ಟಿತ್ತು, ಅಷ್ಟೇ.

ಇಲ್ಲೊಂದು ಮಾತು. 16 ಹೆಡ್ ಇರಬೇಕಾದರೆ ಎಂಟು ತಟ್ಟೆ ಬೇಕು. ಈ ಡಿಸ್ಕ್ ಇರುವುದೇ ಒಂದು ಇಂಚು ದಪ್ಪ. ಎಂಟು ತಟ್ಟೆ ಇದರೊಳಗೆ ಹಿಡಿಸುವುದೇ ಇಲ್ಲ. ಸಾಲದ್ದಕ್ಕೆ, ತಟ್ಟೆಯ ಹೊರಗಿನ ಟ್ರ್ಯಾಕ್ ಉದ್ದ, ಒಳಗಿನದು ಗಿಡ್ಡ. ಹೊರಗೆ ಜಾಸ್ತಿ ಸೆಕ್ಟರ್ ಹಿಡಿಸುತ್ತವೆ, ಒಳಗೆ ಕಡಿಮೆ. ಎಲ್ಲ ಟ್ರ್ಯಾಕಿಗೂ 63 ಅನ್ನುವುದೇ ಶುದ್ಧ ಸುಳ್ಳು. ಡಿಸ್ಕ್ ಬಯಾಸ್‌ಗೆ ಅರ್ಥವಾಗುವ ಒಂದು ಕಥೆ ಹೇಳುತ್ತದೆ, ಒಳಗೆ ತನ್ನ ಲೆಕ್ಕಕ್ಕೆ ಬದಲಾಯಿಸಿಕೊಳ್ಳುತ್ತದೆ. ಸುಳ್ಳಾದರೂ ತೊಂದರೆಯಿಲ್ಲ. ಡಿಸ್ಕ್ ಹೇಳುವುದು, ಬಯಾಸ್ ನಂಬುವುದು, ಪಾರ್ಟಿಶನ್ ಒಳಗೆ ಬರೆದಿರುವುದು, ಮೂರೂ ಒಂದೇ ಸುಳ್ಳಾಗಿರಬೇಕು. ಒಂದು ತಪ್ಪಿದರೂ ಬೂಟ್ ಇಲ್ಲ. ಇದನ್ನು ಎರಡನೇ ದಿನವೇ ಕಾಗದದ ಮೇಲೆ ಬರೆದೆ. ಮೂರನೇ ದಿನವೇ ಮರೆತೆ.

ದಿನ 2, ರಾತ್ರಿ: ಕಾರ್ಡಿಗೆ ನಕಲು

ಹಳೆಯ ಡಿಸ್ಕ್ ಮಧ್ಯೆ ಮಧ್ಯೆ ಟಿಕ್ ಟಿಕ್ ಅನ್ನುತ್ತಿತ್ತು. ಬೇಗ ನಕಲು ತೆಗೆಯಬೇಕು. ಫ್ಲ್ಯಾಶ್ ಕಾರ್ಡನ್ನು ಅದೇ ಕೇಬಲ್‌ನಲ್ಲಿ ಸ್ಲೇವ್ (ಎರಡನೇ ಡಿಸ್ಕ್) ಆಗಿ ಹಾಕಿದೆ. ಹಳೆಯ ಡಿಸ್ಕಿನ "ಸ್ಲೇವ್ ಇದೆ" ಜಂಪರ್ ಹಾಕಲು ಮರೆತು ಅರ್ಧ ಗಂಟೆ ಹೋಯಿತು.

ಕಾರ್ಡ್ ತನ್ನ ಬಗ್ಗೆ ಹೇಳಿಕೊಂಡಿದ್ದು 7745 ಸಿಲಿಂಡರ್, 16 ಹೆಡ್, 63 ಸೆಕ್ಟರ್. ಅದನ್ನೇ ಟೈಪ್ 47ರಲ್ಲಿ ಬರೆದೆ. ಬಯಾಸ್ ಚಕಾರ ಎತ್ತದೆ ಒಪ್ಪಿಕೊಂಡಿತು. ಎಫ್‌ಡಿಸ್ಕ್ ತೆರೆದರೆ ಇಡೀ ಕಾರ್ಡ್ 284 ಎಂಬಿ! 4 ಜಿಬಿ ಎಲ್ಲಿ, 284 ಎಂಬಿ ಎಲ್ಲಿ. ನಕಲಿ ಕಾರ್ಡೇನೋ ಅಂತಲೂ ಅನುಮಾನ ಬಂತು. ಪೆನ್ಸಿಲ್ ಹಿಡಿದ ಮೇಲೆ ತಿಳಿಯಿತು. ಬಯಾಸ್ ಡಾಸ್‌ಗೆ ಸಿಲಿಂಡರ್ ಸಂಖ್ಯೆ ಹೇಳಲು ಇರುವುದು 10 ಬಿಟ್ ಮಾತ್ರ, 1024ರವರೆಗೆ. 7745ರಲ್ಲಿ ಏಳು ಸಲ 1024 ಕಳೆದರೆ ಉಳಿಯುವುದು 577. 577 ಗುಣಿಸು 1008 ಗುಣಿಸು 512, ಸರಿಯಾಗಿ ಆ 284 ಎಂಬಿ.

ಹೆಡ್‌ಗೆ ಬಯಾಸ್ 8 ಬಿಟ್ ಕೊಡುತ್ತದೆ, 256ರವರೆಗೆ ಹೇಳಬಹುದು. ಆದರೆ ಐಡಿಇ ಡಿಸ್ಕಿನ ಕಡೆ ಹೆಡ್‌ಗೆ ಇರುವುದು 4 ಬಿಟ್, 16 ಮಾತ್ರ. ಡಿಸ್ಕಿಗೆ ಸಿಲಿಂಡರ್ 65536ರವರೆಗೂ ಸರಿ, ಬಯಾಸ್‌ಗೆ 1024. ಎರಡೂ ಕಡೆಯ ಕಡಿಮೆಯದನ್ನೇ ಹಿಡಿದರೆ 1024 ಗುಣಿಸು 16 ಗುಣಿಸು 63. ಅದು 528482304 ಬೈಟ್, 504 ಎಂಬಿ. ಇಬ್ಬರಲ್ಲಿ ಯಾರೂ ಬಡವರಲ್ಲ. ಒಬ್ಬನಿಗೆ ಇರುವುದು ಇನ್ನೊಬ್ಬನಿಗಿಲ್ಲ, ಇಬ್ಬರೂ ಸೇರಿ ಬಡವರಾದರು.

ಸಿಲಿಂಡರ್ 1024 ಅಂತ ತಿದ್ದಿದೆ. ಎಫ್‌ಡಿಸ್ಕ್ 504 ಎಂಬಿ ತೋರಿಸಿತು. ಫಾರ್ಮ್ಯಾಟ್ ಮಾಡಿ ಎಲ್ಲವನ್ನೂ ಎಕ್ಸ್‌ಕಾಪಿಯಲ್ಲಿ ಕಾರ್ಡಿಗೆ ತಂದೆ. ನಿಜ ಹೇಳಬೇಕೆಂದರೆ ಕೆಲಸ ಅಲ್ಲಿಗೇ ಮುಗಿದಿತ್ತು. 504 ಎಂಬಿ ಈ ಯಂತ್ರಕ್ಕೆ ಬೇಕಾದಷ್ಟಾಯಿತು.

ದಿನ 3: ಆಸೆ

4 ಜಿಬಿ ಕಾರ್ಡಿನಲ್ಲಿ ಮೂರೂವರೆ ಜಿಬಿ ವ್ಯರ್ಥವಾಗುತ್ತಿದೆಯಲ್ಲ ಅಂತ ಕೈ ತುರಿಸಿತು. ಕಾರ್ಡನ್ನು ಲಿನಕ್ಸ್ ಕಂಪ್ಯೂಟರಿನ ರೀಡರ್‌ಗೆ ಹಾಕಿದೆ. ಪುಣ್ಯಕ್ಕೆ ಮೊದಲು ಡಿಡಿ ಕಮಾಂಡಿನಲ್ಲಿ ಇಡೀ ಕಾರ್ಡಿನ ಇಮೇಜ್ (ಬೈಟಿಗೆ ಬೈಟ್ ನಕಲು) ತೆಗೆದಿಟ್ಟೆ. ಆಮೇಲೆ ಹಳೆಯ ಪಾರ್ಟಿಶನ್ ಅಳಿಸಿ 2 ಜಿಬಿಯ ಫ್ಯಾಟ್16 ಪಾರ್ಟಿಶನ್ ಮಾಡಿದೆ. ಫೈಲುಗಳನ್ನು ತುಂಬಿದೆ. 486ರಲ್ಲಿ ಕಾರ್ಡನ್ನೇ ಮಾಸ್ಟರ್ (ಮೊದಲ ಡಿಸ್ಕ್) ಮಾಡಿ ಆನ್ ಮಾಡಿದೆ.

ಕಪ್ಪು ಪರದೆ, ಮೂಲೆಯಲ್ಲಿ ಕರ್ಸರ್ ಮಿಟುಕು.

ಮೊದಲ ಕಾರಣ ಸುಲಭ. ಲಿನಕ್ಸ್‌ನಲ್ಲಿ ಹೊಸದಾಗಿ ಪಾರ್ಟಿಶನ್ ಟೇಬಲ್ ಮಾಡಿದಾಗ ಮೊದಲ ಸೆಕ್ಟರಿನಲ್ಲಿ ಬೂಟ್ ಕೋಡ್ ಬರೆದಿರಲಿಲ್ಲ. ಫ್ಲಾಪಿಯಿಂದ ಎಫ್‌ಡಿಸ್ಕ್‌ಗೆ ಎಂಬಿಆರ್ (ಡಿಸ್ಕಿನ ಮೊದಲ ಸೆಕ್ಟರ್) ಸ್ವಿಚ್ ಕೊಟ್ಟು ಓಡಿಸಿದೆ. ಈ ಸ್ವಿಚ್ ಮುಟ್ಟುವುದು ಮೊದಲ ಡಿಸ್ಕನ್ನು ಮಾತ್ರ, ಕಾರ್ಡ್ ಸ್ಲೇವ್ ಆಗಿದ್ದರೆ ಹಳೆಯ ಡಿಸ್ಕಿನ ಮೇಲೆ ಬರೆದುಬಿಡುತ್ತದೆ, ನೆನಪಿರಲಿ. ಈಗ ಕರ್ಸರ್ ಹೋಗಿ ಹಳೆಯ ಮಿತ್ರ ವಾಪಸ್ ಬಂದ: "ಮಿಸ್ಸಿಂಗ್ ಆಪರೇಟಿಂಗ್ ಸಿಸ್ಟಮ್."

ಮತ್ತೆ ಡೀಬಗ್, ಮತ್ತೆ 446ನೇ ಬೈಟ್. ಶುರುವಿನ ಜಾಗ: ಹೆಡ್ 32, ಸೆಕ್ಟರ್ 33, ಸಿಲಿಂಡರ್ 0.

ಈಗಿನ ಸಾಫ್ಟ್‌ವೇರ್ ಮೊದಲ ಪಾರ್ಟಿಶನ್ನನ್ನು 2048ನೇ ಸೆಕ್ಟರಿನಿಂದ, ಅಂದರೆ ಸರಿಯಾಗಿ 1 ಎಂಬಿಯಿಂದ ಶುರು ಮಾಡುತ್ತದೆ. ಯುಎಸ್‌ಬಿ ರೀಡರ್‌ಗೆ 486ರ ಬಯಾಸ್ ಏನು ನಂಬುತ್ತದೆ ಅಂತ ಹೇಗೆ ಗೊತ್ತಾಗಬೇಕು? ಹಾಗಾಗಿ 255 ಹೆಡ್, 63 ಸೆಕ್ಟರ್ ಅಂತ ಊಹೆ ಮಾಡಿ 2048ನ್ನು 0/32/33 ಅಂತ ಬರೆದಿತ್ತು. 486ರ ಲೆಕ್ಕದಲ್ಲಿ ಅದೇ ಜಾಗ 2/0/33. ಡಾಸ್‌ನ ಬೂಟ್ ಕೋಡ್ ಸೆಕ್ಟರ್ ಸಂಖ್ಯೆ ನೋಡುವುದೇ ಇಲ್ಲ, ಈ ಮೂರು ಅಂಕಿಗಳನ್ನೇ ಬಯಾಸ್‌ಗೆ ಕೊಡುತ್ತದೆ. 16 ಹೆಡ್ ಇರುವ ಕಡೆ 32ನೇ ಹೆಡ್ ಕೇಳಿದರೆ ಏನಾಗಬೇಕು? ನಾಲ್ಕು ಬಿಟ್‌ನಲ್ಲಿ 32 ತುರುಕಿದರೆ ಬಹುಶಃ ಸೊನ್ನೆ ಆಗಿ, ಡಿಸ್ಕಿನ ಆರಂಭದ ಖಾಲಿ ಜಾಗ ಓದಿ, ಅಲ್ಲಿ ಏನೂ ಸಿಗದೆ ಹೀಗಂದಿರಬೇಕು.

ಅಷ್ಟರಲ್ಲಿ ಇನ್ನೊಂದು ಗುಂಡಿಯೂ ಕಣ್ಣಿಗೆ ಬಿತ್ತು, ಅದರೊಳಗೆ ಇನ್ನೂ ಬಿದ್ದಿರಲಿಲ್ಲ. ಫ್ಯಾಟ್ ಬೂಟ್ ಸೆಕ್ಟರಿನಲ್ಲಿ 24ನೇ ಬೈಟಿನಲ್ಲಿ ಟ್ರ್ಯಾಕಿಗೆ ಎಷ್ಟು ಸೆಕ್ಟರ್, 26ನೇ ಬೈಟಿನಲ್ಲಿ ಎಷ್ಟು ಹೆಡ್ ಅಂತ ಬರೆದಿರುತ್ತದೆ. ಫಾರ್ಮ್ಯಾಟ್ ಮಾಡಿದವರು ಯಾರೋ ಅವರ ಊಹೆ ಅಲ್ಲಿ ಕೂರುತ್ತದೆ. ನನ್ನ ಕಾರ್ಡಿನಲ್ಲಿ ಹೆಡ್ 255 ಅಂತಿತ್ತು. ಶುರುವಿನ ಜಾಗ ಒಂದನ್ನೇ ತಿದ್ದಿದ್ದರೂ ಇಲ್ಲಿ ಸಿಕ್ಕಿಬೀಳುತ್ತಿದ್ದೆ. ಇದು ಇನ್ನೂ ಕೆಟ್ಟ ಗುಂಡಿ. ಎರಡೂ ಲೆಕ್ಕದಲ್ಲಿ ಟ್ರ್ಯಾಕಿಗೆ 63 ಸೆಕ್ಟರ್ ಇರುವುದರಿಂದ ಮೊದಲ 16 ಟ್ರ್ಯಾಕ್, ಅಂದರೆ ಮೊದಲ 1008 ಸೆಕ್ಟರ್, ಎರಡಕ್ಕೂ ಒಂದೇ ಜಾಗ. ಅಲ್ಲಿವರೆಗೆ ಎಲ್ಲ ಸರಿ ಇದ್ದ ಹಾಗೇ ಕಾಣುತ್ತದೆ. ಅಲ್ಲಿಂದ ಮುಂದೆ ದಾರಿ ಬೇರೆಯಾಗುತ್ತದೆ.

ಲಿನಕ್ಸ್‌ನಲ್ಲೇ ಸರಿಯಾಗಿ ಮಾಡುವ ದಾರಿಯೂ ಇದೆ, ಆಮೇಲೆ ಓದಿ ತಿಳಿದುಕೊಂಡೆ. ಎಫ್‌ಡಿಸ್ಕನ್ನು ಡಾಸ್ ಹೊಂದಾಣಿಕೆಯ ರೀತಿಯಲ್ಲಿ ತೆರೆದು ಹೆಡ್, ಸೆಕ್ಟರ್ ಎಣಿಕೆಯನ್ನು ನಾವೇ ಕೊಡಬಹುದು. ಫ್ಯಾಟ್ ಫಾರ್ಮ್ಯಾಟ್ ಮಾಡುವ ಕಮಾಂಡಿಗೂ ಈ ಹೆಡ್, ಸೆಕ್ಟರ್ ಲೆಕ್ಕ ಹೇಳುವ ಆಯ್ಕೆ ಇದೆ. ಆದರೆ ಯಾವ ಯಂತ್ರದಲ್ಲಿ ಬೂಟ್ ಆಗಬೇಕೋ ಅಲ್ಲೇ ಪಾರ್ಟಿಶನ್ ಮಾಡುವುದು ಇದಕ್ಕಿಂತ ಸುಲಭ.

ಇಷ್ಟೆಲ್ಲ ಆದ ಮೇಲೆ ಹೊಳೆದ ಮಾತು: ಬಯಾಸ್ 504 ಎಂಬಿ ದಾಟುವುದೇ ಇಲ್ಲ. ನಾನು 2 ಜಿಬಿ ಪಾರ್ಟಿಶನ್ ಸರಿಯಾಗೇ ಮಾಡಿದ್ದರೂ ಅದರ ಮುಕ್ಕಾಲು ಭಾಗ ಅದಕ್ಕೆ ಕಾಣಿಸುತ್ತಲೇ ಇರಲಿಲ್ಲ. ಇಡೀ ದಿನದ ಶ್ರಮ ನೀರಿನಲ್ಲಿ ಹೋಮ.

ದಿನ 4: ಹಳೆಯ ಡಿಸ್ಕ್ ಹೋಯಿತು

ಬೆಳಿಗ್ಗೆ ಹಳೆಯ ಡಿಸ್ಕ್ ಮತ್ತೆ ಹಾಕಿದೆ. ತಿರುಗಲೇ ಇಲ್ಲ. ಎರಡು ಸಲ ಕುಂಯ್ ಅಂದು ನಿಂತಿತು. ಇನ್ನು ಉಳಿದಿರುವುದು ಲಿನಕ್ಸ್‌ನಲ್ಲಿ ತೆಗೆದಿಟ್ಟ ಇಮೇಜ್ ಒಂದೇ.

ಆ ಇಮೇಜನ್ನು ಡಿಡಿಯಿಂದ ಕಾರ್ಡಿಗೆ ವಾಪಸ್ ಬರೆದೆ. ಬಯಾಸ್‌ನಲ್ಲಿ ಮಾಸ್ಟರ್‌ಗೆ 1024, 16, 63. ಫ್ಲಾಪಿಯಿಂದ ಎದ್ದು ಮೂರು ಕೆಲಸ: ಎಫ್‌ಡಿಸ್ಕ್‌ನಲ್ಲಿ ಪಾರ್ಟಿಶನ್ನನ್ನು ಆಕ್ಟಿವ್ ಮಾಡಿದ್ದು (ಎರಡನೇ ಡಿಸ್ಕಾಗಿದ್ದಾಗ ಅದು ಬಿಡುವುದಿಲ್ಲ), ಎಂಬಿಆರ್ ಸ್ವಿಚ್ ಕೊಟ್ಟಿದ್ದು, ಸಿಸ್ ಕಮಾಂಡಿನಿಂದ ಡಾಸ್ ಫೈಲು ಹಾಕಿದ್ದು. ಬೂಟ್ ಆಯ್ತು. ಅದೇ ಕಾರ್ಡ್, ಅದೇ ರೀಡರ್, ಅದೇ ಲಿನಕ್ಸ್. ನಿನ್ನೆ ಆಗದ್ದು ಇವತ್ತು ಆಗಿದ್ದು ಯಾಕೆಂದರೆ ಇಮೇಜಿನ ಒಳಗಿನ ಲೆಕ್ಕ ಬರೆದಿದ್ದು 486. ಡಿಡಿ ಬೈಟುಗಳನ್ನು ಹೊತ್ತು ತಂದಿತು ಅಷ್ಟೇ, ತನ್ನ ಊಹೆ ಸೇರಿಸಲಿಲ್ಲ.

ದಿನ 5: ರಾಮ್ ಬರೆದಿದ್ದು, ಎರಡು ಸಲ

ಹಠ ಬಿಡಲಿಲ್ಲ. ಎಕ್ಸ್‌ಟಿ-ಐಡಿಇ ಯುನಿವರ್ಸಲ್ ಬಯಾಸ್ ಅಂತ ಒಂದು ಉಚಿತ ಪ್ರೋಗ್ರಾಮ್ ಇದೆ. ಅದನ್ನು 8 ಕೆಬಿಯ ಚಿಪ್‌ಗೆ ಬರೆದು ನೆಟ್‌ವರ್ಕ್ ಕಾರ್ಡಿನ ಬೂಟ್ ರಾಮ್ ಸಾಕೆಟ್‌ನಲ್ಲಿ ಕೂರಿಸಿದರೆ, ಹಳೆಯ ಬಯಾಸ್ ಪಕ್ಕಕ್ಕೆ ಸರಿದು ಡಿಸ್ಕಿನ ಕೆಲಸವನ್ನೆಲ್ಲ ಇದೇ ನೋಡಿಕೊಳ್ಳುತ್ತದೆ. ಚಿಪ್ ಬರೆಯಲು ಇಪ್ರಾಮ್ ಪ್ರೋಗ್ರಾಮರ್ ಬೇಕು. ಅದು ಇರುವುದು ಇದೇ 486ರಲ್ಲಿ. 504 ಎಂಬಿ ಮಿತಿಯೊಳಗೆ ಎದ್ದ ಯಂತ್ರದಲ್ಲೇ ಆ ಮಿತಿ ಮುರಿಯುವ ಚಿಪ್ ಬರೆದೆ. ಹಳೆಯ ಡಿಸ್ಕ್ ಸತ್ತು, ಇಮೇಜೂ ಇಲ್ಲದೆ ಹೋಗಿದ್ದರೆ ಕೋಳಿ ಮೊದಲೋ ಮೊಟ್ಟೆ ಮೊದಲೋ ಅನ್ನುವ ಪಾಡಾಗುತ್ತಿತ್ತು.

ಮೊದಲ ಚಿಪ್ ಕೂರಿಸಿದೆ. ನೆಟ್‌ವರ್ಕ್ ಕಾರ್ಡಿನ ಸೆಟಪ್‌ನಲ್ಲಿ ಬೂಟ್ ರಾಮ್ ಆನ್ ಮಾಡಿದೆ. ಯಂತ್ರ ಆನ್ ಮಾಡಿದೆ. ಏನೂ ಇಲ್ಲ, ಹೊಸ ಬಯಾಸ್‌ನ ಸುಳಿವೇ ಇಲ್ಲ. ವಿಳಾಸ ಬದಲಾಯಿಸಿದೆ, ಸ್ಲಾಟ್ ಬದಲಾಯಿಸಿದೆ, ಚಿಪ್ ತೆಗೆದು ಮತ್ತೆ ಕೂರಿಸಿದೆ. ಮೂರು ಗಂಟೆ ಹೋಯಿತು.

ಕಾರಣ ಹೇಳಲು ನಾಚಿಕೆ. ಬೂಟ್ ಆಗುವಾಗ ಪರದೆ ಮೇಲೆ ನನ್ನ ಹೆಸರು ಬರಲಿ ಅಂತ ಫೈಲನ್ನು ಹೆಕ್ಸ್ ಎಡಿಟರ್‌ನಲ್ಲಿ ತೆರೆದು ಒಂದು ಸಾಲು ತಿದ್ದಿದ್ದೆ. ಇಂಥ ರಾಮ್‌ನ ಎಲ್ಲ ಬೈಟ್ ಕೂಡಿದಾಗ 256ರಿಂದ ಭಾಗಿಸಿ ಶೇಷ ಸೊನ್ನೆ ಬರಬೇಕು. ಬರದಿದ್ದರೆ ಮುಖ್ಯ ಬಯಾಸ್ ಅದನ್ನು ಕಸ ಅಂತ ಬಿಟ್ಟು ಮುಂದೆ ಹೋಗುತ್ತದೆ, ಒಂದು ಮಾತೂ ಹೇಳುವುದಿಲ್ಲ. ಆ ಪ್ರೋಗ್ರಾಮಿನ ಜೊತೆ ಬರುವ ಸೆಟಪ್ ಸಾಧನದಲ್ಲಿ ಉಳಿಸಿದ್ದರೆ ಅದೇ ಲೆಕ್ಕ ಸರಿ ಮಾಡುತ್ತಿತ್ತು. ಹೆಸರಿನ ಶೋಕಿ ಬಿಟ್ಟು ಎರಡನೇ ಚಿಪ್ ಬರೆದೆ. ಮೊದಲನೆಯದು ಅಳಿಯಲು ಅತಿನೇರಳೆ ಬೆಳಕಿನ ಕೆಳಗೆ ಮಲಗಿತು.

ಈ ಸಲ ಬಂತು. ಮುಖ್ಯ ಬಯಾಸ್‌ನಲ್ಲಿ ಹಾರ್ಡ್ ಡಿಸ್ಕ್ "ಇಲ್ಲ" ಅಂತ ಹಾಕಬೇಕು, ಇಲ್ಲದಿದ್ದರೆ ಇಬ್ಬರೂ ಒಂದೇ ಡಿಸ್ಕಿಗೆ ಕೈ ಹಾಕುತ್ತಾರೆ. ಹೊಸ ಬಯಾಸ್ ಕಾರ್ಡನ್ನು ಡಾಸ್‌ಗೆ ತೋರಿಸಿದ ಲೆಕ್ಕ: 968 ಸಿಲಿಂಡರ್, 128 ಹೆಡ್, 63 ಸೆಕ್ಟರ್. ಡಿಸ್ಕ್ 16 ಹೆಡ್ ಅನ್ನುತ್ತದೆ, ಇದು 128 ಅನ್ನುತ್ತದೆ. ಸಿಲಿಂಡರ್ 1024 ದಾಟದ ಹಾಗೆ ಹೆಡ್ ಎಣಿಕೆಯನ್ನು 16, 32, 64, 128, ಕೊನೆಗೆ 255 ಅಂತ ಏರಿಸುತ್ತಾ ಹೋಗುವ ಉಪಾಯ ಇದು. ಸುಳ್ಳಿನ ಮೇಲೊಂದು ಸುಳ್ಳು, ಆದರೆ ಡಿಸ್ಕಿನ ಕಡೆ ಕೊನೆಗೆ ಹೋಗುವುದು ಬರೀ ಸೆಕ್ಟರ್ ಸಂಖ್ಯೆ, ಅದಕ್ಕೇ ನಡೆಯುತ್ತದೆ. 256ರ ಬದಲು 255 ಯಾಕೆಂದರೆ 256 ಹೆಡ್ ಅಂತ ಹೇಳಿದರೆ ಹಳೆಯ ಡಾಸ್ ನಿಂತೇಬಿಡುತ್ತದೆ. ಈ ಉಪಾಯಕ್ಕೂ ಗೋಡೆ ಇದೆ: 1024 ಗುಣಿಸು 255 ಗುಣಿಸು 63, ಅಂದರೆ 8.4 ಜಿಬಿ. ಲಿನಕ್ಸ್‌ನ ಹಳೆಯ ಬೂಟ್ ಲೋಡರ್ ಲಿಲೊ ಬಳಸಿದವರಿಗೆ ಬೂಟ್ ಪಾರ್ಟಿಶನ್ನನ್ನು 1024ನೇ ಸಿಲಿಂಡರಿನ ಒಳಗೇ ಇಡಬೇಕು ಅನ್ನುವ ನಿಯಮ ನೆನಪಿರಬಹುದು. ಇದೇ ಗೋಡೆ ಅದು.

ಇಮೇಜನ್ನು ಈ ಸಲ ಡಿಡಿಯಿಂದ ಹಾಕಲಿಲ್ಲ. ಅದರೊಳಗಿನ ಲೆಕ್ಕ 16 ಹೆಡ್‌ನದು, ಈಗಿನದು 128. ಕಾರ್ಡಿನ ಮೊದಲ ಕೆಲವು ಸೆಕ್ಟರ್ ಸೊನ್ನೆ ಬರೆದು ಒರೆಸಿದೆ. 486ರಲ್ಲೇ ಎಫ್‌ಡಿಸ್ಕ್ ಓಡಿಸಿದೆ. ಒಟ್ಟು 3811 ಎಂಬಿ ತೋರಿಸಿತು. 968 ಸಿಲಿಂಡರ್ ಕಳೆದು ಉಳಿದ 1008 ಸೆಕ್ಟರ್ ಯಾರ ಲೆಕ್ಕಕ್ಕೂ ಸಿಗದೆ ಹೋದವು. ಹೋಗಲಿ ಬಿಡಿ, ಅರ್ಧ ಎಂಬಿ.

ಸಿ ಡ್ರೈವ್ 500 ಎಂಬಿ ಮಾಡಿದೆ. ಫ್ಯಾಟ್16ರಲ್ಲಿ 512 ಎಂಬಿ ಒಳಗಿದ್ದರೆ ಕ್ಲಸ್ಟರ್ (ಒಂದು ಫೈಲು ಹಿಡಿಯುವ ಕನಿಷ್ಠ ಜಾಗ) 8 ಕೆಬಿ. 1 ಜಿಬಿ ದಾಟಿದರೆ 32 ಕೆಬಿ, ನೂರು ಬೈಟಿನ ಫೈಲೂ 32 ಕೆಬಿ ನುಂಗುತ್ತದೆ. ಎಫ್‌ಡಿಸ್ಕ್ ಕೊಟ್ಟಿದ್ದು ಸರಿಯಾಗಿ 500 ಅಲ್ಲ. ಈಗ ಒಂದು ಸಿಲಿಂಡರ್ ಅಂದರೆ 128 ಗುಣಿಸು 63 ಸೆಕ್ಟರ್, ಸುಮಾರು 4 ಎಂಬಿ. ಆ ಅಳತೆಯಲ್ಲೇ ಕತ್ತರಿಸುತ್ತದೆ. ಉಳಿದದ್ದನ್ನು ಎರಡು ಲಾಜಿಕಲ್ ಡ್ರೈವ್ ಮಾಡಿದೆ. ಸಿಸ್ಟಮ್ ಸಮೇತ ಫಾರ್ಮ್ಯಾಟ್, ಬೂಟ್, ಸರಿ.

ಫೈಲುಗಳನ್ನು ಮಾತ್ರ ಲಿನಕ್ಸ್‌ನಲ್ಲಿ ತುಂಬಿದೆ. ಇದು ಅಪಾಯವಲ್ಲ. ಲಿನಕ್ಸ್‌ಗೆ ಸಿಲಿಂಡರ್, ಹೆಡ್ ಬೇಕಿಲ್ಲ, ಅದು ಸೆಕ್ಟರ್ ಸಂಖ್ಯೆಯನ್ನು ಮಾತ್ರ ನೋಡುತ್ತದೆ. ಫೈಲು ತುಂಬುವುದರಿಂದ ಬೂಟ್ ಸೆಕ್ಟರಿನ 24, 26ನೇ ಬೈಟ್ ಬದಲಾಗುವುದಿಲ್ಲ. ಇಮೇಜನ್ನು ಮೌಂಟ್ ಮಾಡುವಾಗ (ಡಿಸ್ಕಿನ ಹಾಗೆ ತೆರೆಯುವಾಗ) ಶುರುವಿನ ದೂರ 63 ಅಂತ ಕೊಟ್ಟು ಬೈಸಿಕೊಂಡೆ. ಕೊಡಬೇಕಾದದ್ದು ಬೈಟ್‌ನಲ್ಲಿ: 63 ಗುಣಿಸು 512, ಅಂದರೆ 32256.

ದಿನ 6: ಅದೇ 63, ಬೇರೆ ಕಡೆ

32256 ಅಂತ ಬರೆಯುವಾಗ ಏನೋ ನೆನಪಾಯಿತು. ನನ್ನ ಲಿನಕ್ಸ್ ಕಂಪ್ಯೂಟರಿನಲ್ಲಿ 2 ಟಿಬಿಯ ಬ್ಯಾಕಪ್ ಡಿಸ್ಕ್ ಇದೆ. ಚಿಕ್ಕ ಚಿಕ್ಕ ಫೈಲು ಬರೆಯುವಾಗ ಮೊದಲಿನಿಂದಲೂ ತೆವಳುತ್ತದೆ. ಹಳೆಯ ಚಿಕ್ಕ ಡಿಸ್ಕಿನಿಂದ ಡಿಡಿಯಲ್ಲಿ ಪೂರ್ತಿ ನಕಲು ತೆಗೆದು, ಪಾರ್ಟಿಶನ್ ಹಿಗ್ಗಿಸಿ ಬಳಸುತ್ತಿದ್ದೆ. ಎಫ್‌ಡಿಸ್ಕ್‌ನಲ್ಲಿ ನೋಡಿದೆ. ಮೊದಲ ಪಾರ್ಟಿಶನ್ ಶುರು: 63. ಕೆಳಗೆ ಒಂದು ಎಚ್ಚರಿಕೆಯೂ ಇತ್ತು, ಪಾರ್ಟಿಶನ್ ಭೌತಿಕ ಸೆಕ್ಟರಿನ ಅಂಚಿನಿಂದ ಶುರುವಾಗಿಲ್ಲ ಅಂತ. ಎಷ್ಟೋ ಸಲ ಕಣ್ಣ ಮುಂದೆ ಹಾದುಹೋಗಿರಬೇಕು, ಓದಿರಲೇ ಇಲ್ಲ.

ಈ ಡಿಸ್ಕಿನ ನಿಜವಾದ ಸೆಕ್ಟರ್ 4096 ಬೈಟ್. ಹೊರಗೆ 512 ಅಂತ ತೋರಿಸಿಕೊಳ್ಳುತ್ತದೆ. 32256ನ್ನು 4096ರಿಂದ ಭಾಗಿಸಿದರೆ 7.875. ಫೈಲ್ ಸಿಸ್ಟಮ್‌ನ 4 ಕೆಬಿಯ ಪ್ರತಿ ಬ್ಲಾಕೂ ಎರಡು ನಿಜ ಸೆಕ್ಟರಿನ ಮೇಲೆ ಕಾಲು ಚಾಚಿ ಕೂತಿತ್ತು. ಒಂದು ಬ್ಲಾಕ್ ಬರೆಯಲು ಡಿಸ್ಕ್ ಎರಡು ಸೆಕ್ಟರ್ ಓದಿ, ತಿದ್ದಿ, ಎರಡನ್ನೂ ವಾಪಸ್ ಬರೆಯಬೇಕು. ತೆವಳದೆ ಇನ್ನೇನು. 2048 ಆದರೆ ಸರಿಯಾಗಿ ಭಾಗವಾಗುತ್ತದೆ. ಮೂರನೇ ದಿನ ನಾನು ಬೈದ 2048 ಬಂದಿರುವುದು ಇದೇ ಥರದ ತೊಂದರೆ ತಪ್ಪಿಸಲು. ಆಗ ಬೈದಿದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ.

ಎಚ್‌ಡಿಪಾರ್ಮ್ ಅನ್ನುವ ಲಿನಕ್ಸ್ ಕಮಾಂಡಿನಲ್ಲಿ ಈ 2 ಟಿಬಿ ಡಿಸ್ಕನ್ನೂ ಕೇಳಿ ನೋಡಿದೆ. 16383 ಸಿಲಿಂಡರ್, 16 ಹೆಡ್, 63 ಸೆಕ್ಟರ್ ಅಂದಿತು. ಗುಣಿಸಿದರೆ 8.4 ಜಿಬಿ. 8.4 ಜಿಬಿ ದಾಟಿದ ಡಿಸ್ಕ್‌ಗಳೆಲ್ಲ ಹೇಳುವುದು ಇದೇ ಉತ್ತರ.

ಸರಿಪಡಿಸಿದ ಕ್ರಮ: ಫೈಲುಗಳನ್ನು ಇನ್ನೊಂದು ಡಿಸ್ಕಿಗೆ ಆರ್‌ಸಿಂಕ್ (ಫೈಲು ಫೈಲಾಗಿ ನಕಲು) ಮಾಡಿದೆ, 2048ರಿಂದ ಹೊಸ ಪಾರ್ಟಿಶನ್, ಹೊಸ ಇಎಕ್ಸ್‌ಟಿ4 ಫೈಲ್ ಸಿಸ್ಟಮ್, ವಾಪಸ್ ಆರ್‌ಸಿಂಕ್. ಡಿಡಿ ಬಳಸಲಿಲ್ಲ, ಬಳಸಿದ್ದರೆ ಹಳೆಯ 63 ಮತ್ತೆ ಬಂದು ಕೂರುತ್ತಿತ್ತು. ರಾತ್ರಿಯಿಡೀ ಓಡಿತು. ಬೆಳಿಗ್ಗೆ ರೀಸ್ಟಾರ್ಟ್ ಮಾಡಿದರೆ ಒಂದೂವರೆ ನಿಮಿಷ ಕಾದು ಎಮರ್ಜೆನ್ಸಿ ಮೋಡ್‌ಗೆ ಬಿತ್ತು. ಹೊಸ ಫೈಲ್ ಸಿಸ್ಟಮ್ ಅಂದರೆ ಹೊಸ ಗುರುತಿನ ಸಂಖ್ಯೆ. ಬೂಟ್ ಆಗುವಾಗ ಯಾವ ಡಿಸ್ಕ್ ಜೋಡಿಸಬೇಕು ಅಂತ ಬರೆದಿರುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಹಳೆಯದೇ ಇತ್ತು. ತಿದ್ದಿದ ಮೇಲೆ ಎಲ್ಲ ಸರಿ. ಸಣ್ಣ ಫೈಲು ಬರೆಯುವುದು ಕಣ್ಣಿಗೆ ಕಾಣುವಷ್ಟು ಚುರುಕಾಗಿದೆ. ಗಡಿಯಾರ ಹಿಡಿದು ಅಳೆದಿಲ್ಲ.

486ರ ಕ್ಯಾಬಿನೆಟ್ ಮುಚ್ಚುವ ಮೊದಲು ಒಳಗೆ ಒಂದು ಚೀಟಿ ಅಂಟಿಸಿದೆ: "ಕಾರ್ಡ್ 7745/16/63. ಡಾಸ್‌ಗೆ ಕಾಣುವುದು 968/128/63. ನೆಟ್‌ವರ್ಕ್ ಕಾರ್ಡ್ ತೆಗೆದರೆ ಬೂಟ್ ಆಗುವುದಿಲ್ಲ." ಅಳಿಸಿದ ಮೊದಲ ಚಿಪ್ ಈಗ ಖಾಲಿ ಇದೆ. ಅದಕ್ಕೂ ಅದೇ ರಾಮ್ ಬರೆದು, ತಾಳೆ ನೋಡಿ, ಆ ಚೀಟಿಯ ಕೆಳಗೇ ಟೇಪ್ ಹಾಕಿ ಅಂಟಿಸಿಟ್ಟೆ.